ಎಡಗಡೆಯ ಸೀಟು

ಶರ್ವಾಣಿಯ ಮನೆಯಲ್ಲಿ ಕಾರು ಓಡಿಸುವವಳು ಮೊದಲಿನಿಂದಲೂ ಅವಳೇ. ಮದುವೆಯಾದ ಹೊಸದರಲ್ಲಿ ಗಂಡ ವಸಿಷ್ಠ ಡ್ರೈವಿಂಗ್ ಕಲಿಯಲು ಹೋಗಿ, ಸೌತ್ ಎಂಡ್ ಸರ್ಕಲ್ಲಿನ ನಟ್ಟನಡುವೆ ಗಾಡಿ ನಿಲ್ಲಿಸಿಕೊಂಡು, ಹಿಂದಿನವರ ಹಾರ್ನಿಗೆ ಬೆವೆತುಹೋಗಿದ್ದರು. ಅಂದು ಇಳಿದು ಕೀಲಿಕೈಯನ್ನು ಹೆಂಡತಿಯ ಕೈಗೆ ಕೊಟ್ಟವರು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಡುವುದು, ದಾರಿ ಕೇಳುವುದು, ಪಾರ್ಕಿಂಗಿನಲ್ಲಿ ಇಳಿದು ನಿಂತು 'ಬಾ, ಬಾ, ಸಾಕು' ಅನ್ನುವುದು ಅವರ ಪಾಲಿಗೆ ಬಂತು. ಮಕ್ಕಳಿಲ್ಲದ ಮನೆ. ಹೋದಲ್ಲೆಲ್ಲ ಇಬ್ಬರೇ ಹೋಗುತ್ತಿದ್ದರು, ಒಬ್ಬರು ಬಲಗಡೆ, ಒಬ್ಬರು ಎಡಗಡೆ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಶರ್ವಾಣಿ ಒಂದು ಸ್ಪೋರ್ಟ್ಸ್ ಕಾರು ತಗೊಂಡಳು. ಜಯನಗರ ಟಿ ಬ್ಲಾಕಿನ ಅವರ ಬೀದಿಯಲ್ಲಿ ಅದೊಂದು ಸುದ್ದಿಯೇ ಆಯಿತು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿದ್ದ, ಕಡುಹಸಿರು ಬಣ್ಣದ ಜಪಾನಿನ ಹಳೆಯ ಗಾಡಿ. ವಾಕಿಂಗ್ ಹೋಗುವ ಹಿರಿಯರು ಗೇಟಿನ ಬಳಿ ನಿಂತು, "ಇದನ್ನ ಯಾರು ಓಡಿಸೋದು?" ಅಂತ ವಸಿಷ್ಠರನ್ನು ಕೇಳುವರು. ಅವರು ಮನೆಯ ಕಡೆ ತಿರುಗಿ ತೋರಿಸಿ, "ನಾನು ಬರೀ ಲಗೇಜು," ಎಂದು ನಗುವರು.

ಗಾಡಿಯ ಜೊತೆ ಬಂದಿದ್ದ ಚಕ್ರಗಳಲ್ಲಿ ಎರಡು ಬಿರುಕು ಬಿಟ್ಟಿದ್ದವು. ಹೊಸ ಚಕ್ರ ನೋಡಲು ಇಬ್ಬರೂ ಜೆ.ಪಿ. ನಗರದ ರಿಂಗ್ ರೋಡಿನಲ್ಲಿದ್ದ ಗೌರೀಶಂಕರನ ಟೈರ್ ಅಂಗಡಿಗೆ ಹೋದರು. ಗೌರೀಶಂಕರ ಮೂರು ಅಳತೆಯ ಚಕ್ರಗಳನ್ನು ತಂದು ಕಾರಿಗೆ ಒರಗಿಸಿ ನಿಲ್ಲಿಸಿದ.

"ಹದಿನೇಳಿಂಚು, ಹದಿನೆಂಟು, ಹತ್ತೊಂಬತ್ತು. ಮೂರೂ ಕೂರುತ್ತೆ ಮೇಡಂ. ಹೊರಗಿನ ಎತ್ತರ ಎಲ್ಲದರದ್ದೂ ಹೆಚ್ಚುಕಮ್ಮಿ ಒಂದೇ. ಒಳಗಿನ ರಿಮ್ ದೊಡ್ಡದಾದಷ್ಟೂ ಸುತ್ತ ಇರೋ ರಬ್ಬರ್ ಕಮ್ಮಿ ಆಗುತ್ತೆ, ಅಷ್ಟೇ. ಲುಕ್ ಬೇಕು ಅಂದ್ರೆ ಹತ್ತೊಂಬತ್ತು. ಸಖತ್ತಾಗಿರುತ್ತೆ."

ವಸಿಷ್ಠ ಬಗ್ಗಿ, ಹತ್ತೊಂಬತ್ತರ ಟೈರಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮೆಷಿನ್ ಟೂಲ್ಸ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ದುಡಿದವರು. ಯಾವ ಸಾಮಾನು ಕಂಡರೂ ಒತ್ತಿ, ತಟ್ಟಿ ನೋಡುವುದು ಅಭ್ಯಾಸ. "ಇದರಲ್ಲಿ ಗಾಳಿಗೆ ಜಾಗವೇ ಇಲ್ವಲ್ಲ. ನಮ್ಮೂರಿನ ರೋಡಿಗೆ ಹದಿನೇಳು ಸಾಕು ಕಣೆ."

"ಹದಿನೇಳು ಹಾಕಿದ್ರೆ ದೊಡ್ಡ ಮೈಗೆ ಸಣ್ಣ ಕಾಲು ಅಂಟಿಸಿದ ಹಾಗಿರುತ್ತೆ ರೀ."

"ನೀನು ಒಳಗೆ ಕೂತಿರ್ತೀಯ. ಚಕ್ರ ನಿಂಗೆಲ್ಲಿ ಕಾಣುತ್ತೆ?"

ಗೌರೀಶಂಕರ ಜೋರಾಗಿ ನಕ್ಕ. ಶರ್ವಾಣಿಯೂ ನಕ್ಕಳು. ಬಗ್ಗಿದ್ದ ವಸಿಷ್ಠ ಏಳುವಾಗ ಕಾರಿನ ಬಾನೆಟ್ ಹಿಡಿದುಕೊಂಡು, ಸೊಂಟಕ್ಕೆ ಕೈ ಕೊಟ್ಟು, ಒಂದು ಕ್ಷಣ ಹಾಗೇ ನಿಂತರು. ಅದನ್ನವಳು ನೋಡಿದಳು. ಯುಗಾದಿಯಿಂದಲೂ ಅವರಿಗೆ ಬೆನ್ನುನೋವಿತ್ತು. ಬಿಸಿನೀರಿನ ಚೀಲ, ನೋವಿನ ಮುಲಾಮು ನಡೆದೇ ಇತ್ತು. ಅರವತ್ತೈದು ದಾಟಿದವರಿಗೆ ಬೆನ್ನು ನೋಯದೆ ಇನ್ನೇನು ಅಂದುಕೊಂಡಿದ್ದಳು.

"ಹತ್ತೊಂಬತ್ತೇ ಹಾಕಿ," ಎಂದಳು.

"ನಿನ್ನ ಕಾರು, ನಿನ್ನಿಷ್ಟ," ಎಂದರು ವಸಿಷ್ಠ. ಬೇಸರದಿಂದ ಅಂದ ಮಾತಲ್ಲ ಅದು.

ಮೊದಲ ಕೆಲವು ವಾರ ಅವಳಿಗೆ ನೆಲ ಕಾಣಲಿಲ್ಲ. ಬೆಳಗ್ಗೆ ಟ್ರಾಫಿಕ್ ಶುರುವಾಗುವ ಮುನ್ನ ಕನಕಪುರ ರಸ್ತೆಗೆ ಹೊರಟುಬಿಡುವಳು. ಕೈ ಅಲುಗಿದಷ್ಟಕ್ಕೇ ತಿರುಗುವ ಸ್ಟೀರಿಂಗ್, ಅಂಗಡಿಗಳ ಗಾಜಿನಲ್ಲಿ ತಮ್ಮದೇ ಗಾಡಿ ಹಾದುಹೋಗುವ ನೋಟ, ಆ ನೋಟದಲ್ಲಿ ಮಿಂಚುವ ದೊಡ್ಡ ಚಕ್ರಗಳು. ಪಕ್ಕದಲ್ಲಿ ವಸಿಷ್ಠ ಹಂಪ್ ಬಂದಾಗಲೆಲ್ಲ ಎರಡೂ ಕೈಯನ್ನು ಸೀಟಿಗೆ ಊರಿ ಮೈಯನ್ನು ಒಂಚೂರು ಮೇಲೆತ್ತಿಕೊಳ್ಳುವರು. ಅದು ಅವರ ಹೊಸ ತಮಾಷೆ ಎಂದುಕೊಂಡು ಅವಳು, "ಹಾರಿಹೋಗ್ತೀರೇನ್ರೀ?" ಎಂದು ರೇಗಿಸುವಳು. ಅವರು ಹಂಪ್ ದಾಟಿದ ಮೇಲೆ ಉಸಿರು ಬಿಡುವರು.

ಶ್ರಾವಣದಲ್ಲಿ ವಸಿಷ್ಠರ ಅಕ್ಕ ಚೂಡಾಮಣಿ ಅಂಜನಾಪುರದ ಹೊಸ ಫ್ಲಾಟಿನಲ್ಲಿ ಹಾಲು ಉಕ್ಕಿಸುವವರಿದ್ದರು. ಅಂದು ಬೆಳಗ್ಗೆ ಇಬ್ಬರೂ ರೇಷ್ಮೆ ಉಟ್ಟು, ವಸಿಷ್ಠರ ತೊಡೆಯ ಮೇಲೆ ತಾಂಬೂಲದ ಚೀಲ ಇಟ್ಟುಕೊಂಡು ಹೊರಟರು. ಕನಕಪುರ ರಸ್ತೆಯಿಂದ ಒಳಗೆ ತಿರುಗಿದ ಮೇಲೆ ಪೈಪಿಗೆ ಅಗೆದು ಜಲ್ಲಿ ತುಂಬಿದ ದಾರಿ. ಹಿಂದಿನ ದಿನದ ಮಳೆಗೆ ಜಲ್ಲಿ ಕೊಚ್ಚಿಹೋಗಿ, ಗುಂಡಿಯ ಮೇಲೆ ನೀರು ನಿಂತು, ರಸ್ತೆ ಮಟ್ಟಸವಾಗಿ ಕಾಣುತ್ತಿತ್ತು. ಎದುರಿಗೆ ಬಂದ ನೀರಿನ ಟ್ಯಾಂಕರಿಗೆ ಜಾಗ ಕೊಡಲು ಶರ್ವಾಣಿ ಎಡಕ್ಕೆ ಸರಿದಳು. ಮುಂದಿನ ಎಡಚಕ್ರ ಗುಂಡಿಗೆ ಇಳಿದು, ಅದರ ಅಂಚಿಗೆ ಬಡಿದು ಮೇಲಕ್ಕೆ ಬಂತು.

ಅವಳಿಗೆ ಮೊದಲು ಬಂದ ಯೋಚನೆ ರಿಮ್ ಬಗ್ಗಿತೇನೋ ಎಂದು. ಅದನ್ನು ಆಮೇಲೆ ಎಷ್ಟು ಮರೆಯಲು ನೋಡಿದರೂ ಆಗಲಿಲ್ಲ.

"ನಿಲ್ಸು," ಎಂದರು ವಸಿಷ್ಠ. ದನಿ ಮೆತ್ತಗಿತ್ತು. ತಿರುಗಿ ನೋಡಿದರೆ ಮುಖದಲ್ಲಿ ರಕ್ತವೇ ಇರಲಿಲ್ಲ. ಚೀಲದಿಂದ ಉರುಳಿದ ತೆಂಗಿನಕಾಯಿ ಅವರ ಪಾದದ ಬಳಿ ಬಿದ್ದಿತ್ತು. "ನನ್ನ ಕಾಲು ಎಲ್ಲಿದೆ ನೋಡು. ಗೊತ್ತಾಗ್ತಿಲ್ಲ," ಎಂದರು.

ಅಷ್ಟು ತಗ್ಗಿನ ಸೀಟಿನಿಂದ ಅವರನ್ನು ಎತ್ತಿ ಆಂಬುಲೆನ್ಸಿಗೆ ಹಾಕಲು ನಾಲ್ಕು ಜನ ಬೇಕಾಯಿತು. ಎತ್ತುವಾಗ ಅವರು ಕೂಗಿದಂಥ ಕೂಗನ್ನು ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಅವಳು ಕೇಳಿರಲಿಲ್ಲ.

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಸ್ಕ್ಯಾನ್ ಬಂತು. ಡಾಕ್ಟರ್ ವಿಭಾ ಎಂಬ ಚಿಕ್ಕ ವಯಸ್ಸಿನ ವೈದ್ಯೆ ಶರ್ವಾಣಿಯನ್ನು ಕೂರಿಸಿಕೊಂಡು ಪರದೆ ತೋರಿಸಿದರು. ಬೆನ್ನೆಲುಬಿನ ಒಂದು ಮಣಿ ಕುಸಿದು ನರದ ಮೇಲೆ ಕೂತಿತ್ತು. ಆದರೆ ವೈದ್ಯೆಯ ಬೆರಳು ಅಲ್ಲಿಗೇ ನಿಲ್ಲದೆ ಮೇಲೆ, ಕೆಳಗೆ, ಪಕ್ಕೆಲುಬಿನ ಮೇಲೆಲ್ಲ ಓಡಾಡಿತು. ಎಲ್ಲ ಕಡೆ ಹುಳು ತಿಂದ ಹಾಗೆ ತೂತುಗಳು.

"ಇದು ಮೈಲೋಮಾ ಮೇಡಂ. ರಕ್ತದ ಕ್ಯಾನ್ಸರ್‌ನಲ್ಲಿ ಒಂದು ಥರ. ಮೂಳೆನ ಒಳಗಿಂದ ತಿನ್ನುತ್ತೆ. ಎಷ್ಟೋ ತಿಂಗಳಿಂದ ಇದೆ."

"ಕಾರು ಗುಂಡಿಗೆ ಬಿತ್ತು. ನಾನೇ ಓಡಿಸ್ತಿದ್ದೆ. ಟೈರು ಬಹಳ ಗಟ್ಟಿ."

"ಕಾರಿಂದ ಬಂದಿದ್ದಲ್ಲ ಇದು. ಬಚ್ಚಲಲ್ಲಿ ಬಗ್ಗಿದ್ರೂ ಮುರೀತಿತ್ತು, ಜೋರಾಗಿ ಕೆಮ್ಮಿದ್ರೂ ಮುರೀತಿತ್ತು."

ಮುರಿಯುತ್ತಿತ್ತು ಎಂಬುದು ಬೇರೆ, ಮುರಿದದ್ದು ಬೇರೆ ಎಂದು ಅನ್ನಿಸಿತು ಶರ್ವಾಣಿಗೆ. ಹೊರಗೆ ಬಂದರೆ ಕಾರಿಡಾರಿನಲ್ಲಿ ಚೂಡಾಮಣಿ ನಿಂತಿದ್ದರು. ಹೊಸ ಮನೆಯಿಂದ ಹಾಗೇ ಬಂದಿದ್ದರು. ಕೈಯ ಅರಿಶಿನ ಇನ್ನೂ ಹೋಗಿರಲಿಲ್ಲ. ತಮ್ಮನಿಗೆ ಏನಾಯಿತೆಂದು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, "ನಿಮ್ಮಿಬ್ಬರ ವಯಸ್ಸಿಗೆ ಆ ಕಾರು ಬೇಕಿತ್ತೇನೇ?" ಎಂದು ಅಳತೊಡಗಿದರು. ಶರ್ವಾಣಿ ಗೋಡೆ ನೋಡುತ್ತ ನಿಂತಳು.

ಆಪರೇಷನ್ ಆಯಿತು. ಬೆನ್ನಿಗೆ ಸರಳು ಹಾಕಿದರು. ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ ಹೋಗುವಷ್ಟು ಕಾಲಿಗೆ ಜೀವ ಮರಳಿತು. ವಾರಕ್ಕೊಮ್ಮೆ ಇಂಜೆಕ್ಷನ್. ಅದಕ್ಕೆ ಮಲಗಿಸಿಕೊಂಡು ಹೋಗುವ ಬಾಡಿಗೆ ವ್ಯಾನು ಬರುತ್ತಿತ್ತು. ಅದರ ಡ್ರೈವರಿಗೆ ಹಂಪೂ ಒಂದೇ, ಸಮ ರಸ್ತೆಯೂ ಒಂದೇ. ವ್ಯಾನಿನೊಳಗೆ ಸ್ಟ್ರೆಚರಿನ ಕಬ್ಬಿಣ ಹಿಡಿದು ಕೂತ ಶರ್ವಾಣಿ ಪ್ರತಿ ಸಲ ಕೂಗಿಕೊಳ್ಳುವಳು, "ನಿಧಾನಪ್ಪಾ, ನಿಧಾನ!" ಡ್ರೈವರ್ ಕನ್ನಡಿಯಲ್ಲಿ ನೋಡಿ, "ಆಯ್ತು ಆಂಟಿ," ಎನ್ನುವನು. ಮುಂದಿನ ಹಂಪಿನಲ್ಲಿ ಮತ್ತೆ ಅದೇ.

ಹಸಿರು ಕಾರು ಮೈಮೇಲೆ ಹೊಂಗೆ ಎಲೆ ಉದುರಿಸಿಕೊಂಡು ಗೇಟಿನೊಳಗೆ ನಿಂತಿತ್ತು. ಒಂದು ದಿನ ವ್ಯಾನಿನಿಂದ ಮನೆಗೆ ಬಂದು ಮಲಗಿದಾಗ ವಸಿಷ್ಠ ನೋವಿನ ಮಧ್ಯೆ ಹೇಳಿದರು, "ಈ ವ್ಯಾನಿನವನಿಗಿಂತ ನೀನೇ ವಾಸಿ." ಅವರು ಅಂದದ್ದು ಅಷ್ಟೇ. ಶರ್ವಾಣಿ ಅದನ್ನು ಎತ್ತಿಟ್ಟುಕೊಂಡಳು. ತಾನೇ ಕರೆದುಕೊಂಡು ಹೋಗಬೇಕು, ಒಂದು ಕಲ್ಲನ್ನೂ ಮುಟ್ಟಿಸದೆ ಕರೆದುಕೊಂಡು ಹೋಗಬೇಕು ಎಂಬ ಯೋಚನೆ ಅವಳ ತಲೆಯಲ್ಲಿ ಕೂತುಬಿಟ್ಟಿತು.

ಗೌರೀಶಂಕರನ ಅಂಗಡಿಗೆ ಹೋಗಿ, "ಇದಕ್ಕೆ ಕೂರುವ ಅತೀ ಸಣ್ಣ ಚಕ್ರ ಯಾವುದು?" ಎಂದು ಕೇಳಿದಳು.

ಅವನು ತಮಾಷೆ ಎಂದುಕೊಂಡ. "ಎಲ್ಲರೂ ಬಂದು ದೊಡ್ಡದು ಹಾಕು ಅಂತಾರೆ. ನೀವು ಉಲ್ಟಾ ಕೇಳ್ತಿದ್ದೀರಲ್ಲ ಮೇಡಂ!"

"ಹದಿನೈದು, ಹದಿನಾರು ಯಾವುದಾದ್ರೂ ಸರಿ. ರಬ್ಬರ್ ದಪ್ಪಗಿರಬೇಕು."

ಅವಳ ಮುಖ ನೋಡಿ ಅವನು ನಗು ನಿಲ್ಲಿಸಿದ. ಒಂದು ಚಕ್ರ ಬಿಚ್ಚಿ, ಹದಿನಾರರ ಒಂದು ರಿಮ್ ತಂದು ಹಿಡಿದು ತೋರಿಸಿದ. ಅದು ಒಳಗಿನ ಬ್ರೇಕಿಗೆ ತಗುಲಿ ಅಲ್ಲೇ ನಿಂತಿತು. ಎಷ್ಟು ತಿರುಗಿಸಿದರೂ ಕೂರಲಿಲ್ಲ. "ಹದಿನೇಳೇ ಕೊನೆ ಮೇಡಂ. ಅದಕ್ಕಿಂತ ಕೆಳಗೆ ಈ ಗಾಡಿ ಹೋಗಲ್ಲ. ಯಾರಿಗೆ, ಸಾರ್‌ಗಾ?"

ಅವಳು ಹೇಳಿದಳು. ಗೌರೀಶಂಕರ ರಿಮ್ಮನ್ನು ಕೆಳಗಿಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡ. "ಬೇಜಾರು ಮಾಡ್ಕೋಬೇಡಿ. ಪೇಷಂಟ್‌ಗೆ ಈ ಗಾಡಿ ಬೇಡ. ಎತ್ತರದ್ದು ಯಾವುದಾದ್ರೂ ಬಾಡಿಗೆಗೆ ತಗೊಳ್ಳಿ."

"ನಾನು ಕೇಳಿದ್ದು ಚಕ್ರ," ಎಂದಳು ಶರ್ವಾಣಿ. ಅವನು ಹದಿನೇಳರ ಚಕ್ರ ಉರುಳಿಸಿಕೊಂಡು ಬಂದ. ಅವಳು ದನಿ ಇಳಿಸಿ, "ಇದನ್ನ ಹಾಕೋಕೆ ಮುಂಚೆ, ಹತ್ತೊಂಬತ್ತರಲ್ಲೇ ಒಂದು ಸಲ ನೀವು ಓಡಿಸ್ತೀರಾ? ನಾನು ಎಡಗಡೆ ಕೂರ್ತೀನಿ," ಎಂದಳು. ಆ ಮಾತು ಬಾಯಿಂದ ಬಂದ ಮೇಲೆ ಅವಳಿಗೆ ಹೊಳೆಯಿತು, ಆ ಸೀಟಿನಲ್ಲಿ ತಾನು ಒಂದು ಸಲವೂ ಕೂತಿಲ್ಲ.

ಪುಟ್ಟೇನಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ಹೋದರು. ಸ್ಟೀರಿಂಗ್ ಹಿಡಿದವರಿಗೆ ಗುಂಡಿ ಮೊದಲೇ ಕಾಣುತ್ತದೆ, ಮೈ ತನ್ನಷ್ಟಕ್ಕೆ ಬಿಗಿಯಾಗುತ್ತದೆ, ಹಿಡಿದುಕೊಳ್ಳಲು ಆ ಸ್ಟೀರಿಂಗೇ ಇರುತ್ತದೆ. ಎಡಗಡೆಯವರಿಗೆ ಅದೇನೂ ಇರಲಿಲ್ಲ. ಬಾನೆಟ್ ಉದ್ದವಾಗಿ ಚಾಚಿಕೊಂಡು ರಸ್ತೆಯನ್ನು ಮುಚ್ಚಿತ್ತು. ಮ್ಯಾನ್‌ಹೋಲ್ ಮುಚ್ಚಳಗಳು, ಕಿತ್ತ ಡಾಂಬರಿನ ಅಂಚು, ಎಲ್ಲವೂ ಆ ಬದಿಗೇ ಇದ್ದವು. ಒಂದೊಂದೂ ಸೀಟಿನ ಕೆಳಗಿನಿಂದ ಸುತ್ತಿಗೆಯಂತೆ ಬಡಿದು ಅವಳ ಗಟ್ಟಿ ಬೆನ್ನಿಗೆ ಏರಿತು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಅವಳ ಎರಡೂ ಕೈ ತಾವಾಗಿಯೇ ಸೀಟಿಗೆ ಊರಿಕೊಂಡವು.

"ಸಾಕು," ಎಂದಳು. "ವಾಪಸ್ ತಿರುಗಿಸಿ."

ಹದಿನೇಳರ ಚಕ್ರ ಹಾಕಿ, ಗಾಳಿ ಸ್ವಲ್ಪ ಕಡಿಮೆ ಮಾಡಿ, ಅದೇ ರಸ್ತೆಯಲ್ಲಿ ಮತ್ತೆ ಹೋದರು. ಶರ್ವಾಣಿ ಕಣ್ಣು ಮುಚ್ಚಿ ಕೂತಿದ್ದಳು. ವ್ಯತ್ಯಾಸವಿತ್ತು. ಬಡಿತದ ಮೊನೆ ಮುರಿದಿತ್ತು. ಆದರೆ ಬಡಿತ ಬಡಿತವೇ. ತುಂಬಾ ಮೆತ್ತಗಾಗಿದ್ದಿದ್ದರೆ, ಅಂದು ಹದಿನೇಳು ಹಾಕಿಸಿದ್ದರೆ ಅವರ ಬೆನ್ನು ಉಳಿಯುತ್ತಿತ್ತು ಎಂದು ತನ್ನನ್ನು ಬೈದುಕೊಳ್ಳಬಹುದಿತ್ತು. ಏನೂ ಬದಲಾಗಿರದಿದ್ದರೆ ತಪ್ಪು ತನ್ನದಲ್ಲ ಅಂದುಕೊಳ್ಳಬಹುದಿತ್ತು. ಎರಡಕ್ಕೂ ಅವಕಾಶ ಸಿಗಲಿಲ್ಲ.

"ಪರವಾಗಿಲ್ವಾ ಮೇಡಂ?" ಎಂದ ಗೌರೀಶಂಕರ.

"ಪರವಾಗಿಲ್ಲ," ಎಂದಳು.

ಮನೆಗೆ ಬಂದು ಗಂಡನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಹದಿನೇಳು ಹಾಕಿಸ್ಕೊಂಡು ಬಂದೆ. ಸೀಟಿಗೆ ದಪ್ಪ ಸ್ಪಂಜು ಹೊಲಿಸ್ತೀನಿ. ಮುಂದಿನ ವಾರ ನಾವೇ ಹೋಗೋಣ."

ವಸಿಷ್ಠ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದರು. "ಯಾಕೆ ಅಷ್ಟೆಲ್ಲ ಮಾಡೋಕೆ ಹೋದೆ?"

"ಅವತ್ತೇ ನಿಮ್ಮ ಮಾತು ಕೇಳಬೇಕಿತ್ತು."

"ಅವತ್ತು ನಾನು ಪೂರ್ತಿ ಹೇಳಲಿಲ್ವಲ್ಲ." ಅವರು ಮಾತಿಗೆ ತಡವರಿಸಿದರು. "ಗಾಡಿ ಬರೋಕೆ ಮುಂಚೆನೇ ಮೂಲೆ ಮನೆ ಡಾಕ್ಟರು, ಬೆನ್ನಿನ ಎಕ್ಸ್‌ರೇ ತೆಗೆಸಿ, ರಕ್ತನೂ ಕಮ್ಮಿ ಇದೆ, ತಡ ಮಾಡಬೇಡಿ ಅಂದಿದ್ರು. ಆಮೇಲೆ ತೆಗೆಸೋಣ ಅಂತ ಬಿಟ್ಟೆ."

ಶರ್ವಾಣಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕಾರು ತಗೋತಿದ್ಯಾ?"

"ಕಾರು ಹಾಳಾಗಿ ಹೋಗ್ಲಿ ರೀ!" ಅವಳು ಎದ್ದು ನಿಂತಿದ್ದಳು. ಕಾಯಿಲೆಯವರ ಮುಂದೆ ಕೂಗಬಾರದೆಂದು ಗೊತ್ತಿದ್ದೂ ಕೂಗಿದಳು. "ಇಷ್ಟು ತಿಂಗಳಿಂದ ನಾನು ಏನು ಅಂದ್ಕೊಂಡಿದ್ದೀನಿ ಗೊತ್ತಾ ನಿಮಗೆ? ನಾನೇ ನಿಮ್ಮ ಬೆನ್ನು ಮುರಿದೆ ಅಂತ. ಅಕ್ಕ ಅಂದ್ರು, ನಾನು ಬಾಯಿ ಮುಚ್ಕೊಂಡು ಕೇಳಿದೆ. ನೀವು ಹಂಪ್ ಬಂದಾಗ ಕೈ ಊರ್ತಿದ್ರಿ, ನಾನು ನಗ್ತಿದ್ದೆ! ಒಂದು ಸಲ, ಒಂದೇ ಒಂದು ಸಲ, ನೋಯುತ್ತೆ ಅಂತ ಹೇಳೋಕೆ ಏನಾಗಿತ್ತು?"

"ನೀನು ಅಷ್ಟು ಖುಷಿಯಾಗಿದ್ದನ್ನ ನಾನು ನೋಡೇ ಇರಲಿಲ್ಲ ಕಣೆ," ಎಂದರು ವಸಿಷ್ಠ.

ಆ ಮಾತು ಅವಳನ್ನು ಸಮಾಧಾನಪಡಿಸಲಿಲ್ಲ. ಸಿಟ್ಟು ಮತ್ತೂ ಹೆಚ್ಚಿತು. ಅಡುಗೆಮನೆಗೆ ಹೋಗಿ, ಸಿಂಕಿನ ನಲ್ಲಿ ಜೋರಾಗಿ ಬಿಟ್ಟು, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಗಂಜಿ ಕೊಡುವ ಹೊತ್ತಾದಾಗ ಬಂದು, ಮಾತಿಲ್ಲದೆ ಕುಡಿಸಿ, ಬಾಯಿ ಒರೆಸಿದಳು. ಅವರು ಅವಳ ಮಣಿಕಟ್ಟನ್ನು ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ. ಮಾತು ಮಾತ್ರ ಎರಡು ದಿನ ಇರಲಿಲ್ಲ.

ಇಂಜೆಕ್ಷನ್ನಿನ ದಿನ ಬಂತು. ಹಿಂದಿನ ದಿನವೇ ಸ್ಪಂಜು ಹೊಲಿಸಿ ತಂದಿದ್ದಳು. ಕಾರನ್ನು ತೊಳೆದು, ಎಡಗಡೆಯ ಸೀಟನ್ನು ಹಿಂದಕ್ಕೆ ಒರಗಿಸಿ, ಬಾಗಿಲು ತೆರೆದಿಟ್ಟಿದ್ದಳು. ಸಹಾಯಕ್ಕೆ ಚೂಡಾಮಣಿ ಬಂದಿದ್ದರು. ವಾಕರ್ ಹಿಡಿದು ಬಾಗಿಲವರೆಗೆ ಬಂದ ವಸಿಷ್ಠ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಗೇಟಿನ ಬಳಿಯ ಆ ತಗ್ಗು ಸೀಟನ್ನು ನೋಡಿದರು. ವಾಕರನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡರು.

"ನನ್ನ ಕೈಲಿ ಆಗಲ್ಲ. ವ್ಯಾನ್ ಕರೆಸು," ಎಂದರು.

"ನಿಧಾನ ಓಡಿಸ್ತೀನಿ ರೀ. ನಡೆಯೋರಿಗಿಂತ ನಿಧಾನ."

"ಗೊತ್ತು. ಆದ್ರೂ ಬೇಡ. ಭಯ ಆಗುತ್ತೆ."

ಅವಳ ಯಾವ ಕಾರಿಗೂ ಅವರು ಒಲ್ಲೆ ಎಂದಿರಲಿಲ್ಲ. ಶರ್ವಾಣಿ ಕಾರಿನ ಬಾಗಿಲು ಮುಚ್ಚಿದಳು. ವ್ಯಾನಿಗೆ ಫೋನ್ ಮಾಡಿದ್ದು ಚೂಡಾಮಣಿ. ಅದು ಬಂದಾಗ ಸ್ಟ್ರೆಚರಿನ ಪಕ್ಕ ಇನ್ನೊಬ್ಬರಿಗಷ್ಟೇ ಜಾಗ. "ಅಕ್ಕ ನನ್ನ ಜೊತೆ ಕೂತಿರಲಿ. ನೀನು ಕಾರು ತಗೊಂಡು ಹಿಂದೆ ಬಾ," ಎಂದರು ವಸಿಷ್ಠ. ಅವಳ ಮುಖ ನೋಡಿ ಹಾಗೆಂದರೋ, ವ್ಯಾನಿನಲ್ಲಿ ಅವಳು ಕೂಗಾಡುವುದನ್ನು ತಡೆಯಲಾರದೆ ಹಾಗೆಂದರೋ, ಅವಳು ಕೇಳಲಿಲ್ಲ.

ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೋ ಕೆಲಸಕ್ಕೆ ಹಾಕಿದ್ದ ತಗಡಿನ ಗೋಡೆಗಳ ನಡುವೆ ವ್ಯಾನು ಮುಂದೆ, ಹಸಿರು ಕಾರು ಹಿಂದೆ. ಶರ್ವಾಣಿ ಒಂದೊಂದು ಗುಂಡಿಯನ್ನೂ ಸುತ್ತಿಕೊಂಡು ಹೋದಳು. ಅವಳ ಪಕ್ಕದ ಖಾಲಿ ಸೀಟಿನ ಸ್ಪಂಜು ಅಲುಗಲಿಲ್ಲ. ಕಣ್ಣೆದುರಿಗೆ ವ್ಯಾನಿನ ಹಿಂಬಾಗಿಲು ಏಳುತ್ತಿತ್ತು, ಬೀಳುತ್ತಿತ್ತು. ಹಿಂದಿನ ಚಕ್ರ ಗುಂಡಿಗೆ ಇಳಿಯುವುದು ಅವಳಿಗೆ ಮೊದಲೇ ಕಾಣುತ್ತಿತ್ತು. ಈಗ, ಎಂದುಕೊಳ್ಳುವಳು. ವ್ಯಾನು ಕುಕ್ಕರಿಸುವುದು. ಅವಳ ಬೆನ್ನು ನೆಟ್ಟಗಾಗುವುದು. ಹಾರ್ನ್ ಹೊಡೆದಳು, ಲೈಟ್ ಮಿನುಗಿಸಿದಳು. ಡ್ರೈವರ್ ಅದನ್ನು ಅವಸರವೆಂದು ತಿಳಿದು ಇನ್ನಷ್ಟು ಜೋರಾಗಿ ಬಿಟ್ಟ. ಆಮೇಲೆ ಅವಳು ಹಾರ್ನ್ ಮುಟ್ಟಲಿಲ್ಲ. ಹಲ್ಲು ಕಚ್ಚಿ ಹಿಂಬಾಲಿಸಿದಳು.

ಆಸ್ಪತ್ರೆಯಲ್ಲಿ ಇಳಿಸುವಾಗ ವಸಿಷ್ಠರ ತುಟಿ ಬಿಳಿಚಿತ್ತು. ಚೂಡಾಮಣಿ ಹೊರಗೆ ಬಂದು ಕಂಬ ಹಿಡಿದು ನಿಂತರು. ಸೆರಗಿನಿಂದ ಕಣ್ಣೊರೆಸಿಕೊಂಡು, "ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ ಕಣೆ. ಪ್ರತಿ ವಾರ ನೀನು ಇದನ್ನ ನೋಡಿದ್ದೀಯಾ?" ಎಂದರು. ಶರ್ವಾಣಿ ಹೌದೆಂದು ತಲೆಯಾಡಿಸಿದಳು. ಕಾರಿನ ಮಾತನ್ನು ಚೂಡಾಮಣಿ ಮತ್ತೆ ಎತ್ತಲಿಲ್ಲ.

ಅಂದು ರಕ್ತದ ರಿಪೋರ್ಟ್ ಸರಿ ಬರದೆ ಅವರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಜ್ವರ ಬಂತು, ಸೋಂಕು ಶ್ವಾಸಕೋಶಕ್ಕೆ ಇಳಿಯಿತು. ಡಾಕ್ಟರ್ ವಿಭಾ ಪ್ರತಿ ದಿನ ಬಂದು ಸ್ವಲ್ಪ ಸ್ವಲ್ಪವಾಗಿ ಆಸೆಯನ್ನು ಕಡಿಮೆ ಮಾಡಿದರು. ಮಾತು ನಿಲ್ಲುವ ಮುಂಚೆ ಒಂದು ಮಧ್ಯಾಹ್ನ ವಸಿಷ್ಠ ಆಕ್ಸಿಜನ್ ಮಾಸ್ಕನ್ನು ಸರಿಸಿ, "ಇನ್ನೂ ಸಿಟ್ಟಿದೆಯಾ?" ಎಂದು ಕೇಳಿದರು.

"ಇದೆ," ಎಂದಳು ಶರ್ವಾಣಿ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಕಣ್ಣಿನಲ್ಲೇ ನಕ್ಕ ಹಾಗಾಯಿತು. ಮಾಸ್ಕನ್ನು ಅವಳೇ ಸರಿಪಡಿಸಿ, ಹಣೆಯ ಮೇಲಿನ ಕೂದಲು ಒತ್ತರಿಸಿ, ಕೈಯನ್ನು ಅಲ್ಲೇ ಇಟ್ಟುಕೊಂಡಳು. ಆ ವಾರವೇ ಅವರು ಹೋದರು.

ಬನಶಂಕರಿಯ ಚಿತಾಗಾರದಲ್ಲಿ ಕೆಲಸ ಮುಗಿಯಿತು. ವೈಕುಂಠ ಸಮಾರಾಧನೆ ಮುಗಿದು, ಬಂದವರೆಲ್ಲ ಹೊರಟುಹೋದರು. ಮನೆಯಲ್ಲಿದ್ದ ಗಾಡಿ ಅದೊಂದೇ. ತರಕಾರಿಗೆ, ಪಿಂಚಣಿ ಕಚೇರಿಗೆ, ಚೂಡಾಮಣಿಯ ಮನೆಗೆ ಅವಳು ಅದರಲ್ಲೇ ಹೋದಳು. ಒಂದು ಸಂಜೆ ಬನಶಂಕರಿಯ ಕಡೆಯಿಂದ ಬರುವಾಗ ಹಂಪ್ ಒಂದರ ಮುಂದೆ ಪೂರ್ತಿ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಹತ್ತಿಸಿ, ಇಳಿಸಿ, ಹಿಂದಿನವನ್ನು ಹತ್ತಿಸಿ, ಇಳಿಸಿ, ಅಷ್ಟು ನಿಧಾನವಾಗಿ ದಾಟುತ್ತಿದ್ದಳು. ಹಿಂದೆ ಉದ್ದಕ್ಕೆ ಗಾಡಿಗಳು ನಿಂತು ಹಾರ್ನ್ ಹೊಡೆಯುತ್ತಿದ್ದವು. ಆಟೋದವನೊಬ್ಬ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಏನ್ ಆಂಟಿ, ಇಂಥಾ ಗಾಡಿ ಇಟ್ಕೊಂಡು ಹಿಂಗಾ ಓಡ್ಸೋದು? ಹಾಕಿ ಗೇರು!"

ಅವಳು ಕೈಯೆತ್ತಿ ಕ್ಷಮೆ ಕೇಳಿದಳು. ಗೇರ್ ಹಾಕಿದಳು. ಮುಂದೆ ಸಿಗ್ನಲ್ ಹಸಿರಾಗಿತ್ತು. ಹೋದಳು.